ಎರಡು ಗುಳಿಗೆ

೮ ಜೂನ್ ೧೯೮೧, ಬೆಳಿಗ್ಗೆ
ಮಾತ್ರೆ ಪುಡಿ ಮಾಡಿ ಜೇನಿನಲ್ಲಿ ಕೊಟ್ಟಾಯಿತು. ರಂಜು ಅರ್ಧ ಉಗಿದ, ಬಳಿದು ಮತ್ತೆ ಕೊಟ್ಟೆ. ಆಮೇಲೆ ಉರ್ವದ ಆಯುರ್ವೇದ ಪಂಡಿತರ ಮದ್ದಿನ ತುಪ್ಪ, ಒಂದು ಚಮಚ. ಐದು ವರ್ಷ ತುಂಬಿತು ಮಗನಿಗೆ. ಒಂದು ಮಾತಿಲ್ಲ, ಕೂರಿಸಿದರೆ ವಾಲುತ್ತಾನೆ. ಮಾತ್ರೆ ಶುರುವಾದ ಮೇಲೆ ಫಿಟ್ಸ್ ಕಡಿಮೆ, ನಿಜ. ಆದರೆ ದಿನವಿಡೀ ಮಂಪರು. ಎದುರಿಗೇ ಇದ್ದಾನೆ, ಆದರೂ ಇಲ್ಲ... ಸ್ಕೂಲಿನಲ್ಲಿ ಪಾಠ ಮಾಡಲು ಹೋಗಬೇಕು, ಲೇಟಾಯಿತು.

೧೧ ಜೂನ್
ಅತ್ತಾವರದ ಡಾಕ್ಟರ ಹತ್ತಿರ ಹೋದೆವು, ಅತ್ತೆಯೂ ಬಂದಿದ್ದರು. ತುಪ್ಪದ ವಿಷಯ ಹೆದರುತ್ತಲೇ ಹೇಳಿದೆ. ಬೈಯಲಿಲ್ಲ. "ತುಪ್ಪ ಕೊಡಿ, ಬೇಡ ಅನ್ನಲ್ಲ. ಆದ್ರೆ ಗುಳಿಗೆ ಬಿಡಬಾರದು. ಬಿಟ್ಟರೆ ಹಿಡಿಯುತ್ತೆ, ಜೋರಾಗಿ."
ಅತ್ತೆ ಕೈ ಮುಗಿದರು. ಡಾಕ್ಟರ ಮೇಲೆ ಇಷ್ಟು ಭಕ್ತಿಯೇ ಅಂತ ನಗು ಬಂತು.

೧೫ ಜೂನ್
ನಾಳೆಯಿಂದ ನನ್ನ ಕ್ಲಾಸ್ ಬೆಳಿಗ್ಗೆ ಬೇಗ, ರಂಜು ಏಳುವ ಮೊದಲೇ ಹೊರಡಬೇಕು. ಮಾತ್ರೆ ಅತ್ತೆಯೇ ಕೊಡಬೇಕು. "ನೀನು ಹೋಗು ಮಾರಾಯ್ತಿ, ನಾನಿಲ್ವಾ?" ಅಂದರು.

೨೩ ಜೂನ್, ಸಂಜೆ
ಗೇಟು ತೆಗೆದೆ — ರಂಜು ಅತ್ತೆಯ ಸೊಂಟದಲ್ಲಿ. ನನ್ನನ್ನು ನೋಡಿದ. ನೋಡಿದ! ಕಣ್ಣಿನಲ್ಲಿ ಮಂಪರಿಲ್ಲ. "ಅಪ್ಪೆ" ಅಂದ. ಅಮ್ಮ ಅಂತ, ನಮ್ಮ ತುಳುವಿನಲ್ಲಿ. ಇನ್ನೊಮ್ಮೆ ಹೇಳು ಅಂದರೆ ಹೇಳಿದ. ರಂಜುವಿನ ಅಪ್ಪ ಕೆಲಸದ ಹೋಟೆಲಿನಿಂದ ಓಡಿ ಬಂದು ಕಾದು ಕೂತರು, ಅವರೆದುರು ಅವನು ಹೇಳಲಿಲ್ಲ. ಪಂಡಿತರ ತುಪ್ಪ ಕಡೆಗೂ ಹಿಡಿಯಿತು.

೨೯ ಜೂನ್, ವಾರ್ಡಿನಲ್ಲಿ
ಬರೆಯುವ ಹಾಗಿರಲಿಲ್ಲ. ಮೊನ್ನೆ ರಾತ್ರಿ ರಂಜುವಿಗೆ ಶುರುವಾದ ಫಿಟ್ಸ್ ನಿಲ್ಲಲೇ ಇಲ್ಲ — ಟ್ಯಾಕ್ಸಿಯಲ್ಲೂ, ಕ್ಯಾಶುವಲ್ಟಿಯ ಬೆಂಚಿನ ಮೇಲೂ. ತುಟಿ ನೀಲಿ. ಈಗ ಉಸಿರಾಡುತ್ತಿದ್ದಾನೆ, ಅಷ್ಟೇ.
"ಮಾತ್ರೆ ಯಾವಾಗ ನಿಲ್ಲಿಸಿದ್ರಿ?" ಅತ್ತಾವರದ ಡಾಕ್ಟರೇ ಕೇಳಿದರು. ನಿಲ್ಲಿಸಿಲ್ಲ ಅಂದೆ. ಹಿಂದಿನಿಂದ ಅತ್ತೆ: "ಆ ಮಾತ್ರೆ ಕೊಟ್ರೆ ಮಗು ಸತ್ತ ಹಾಗೆ ಮಲಗ್ತದೆ. ನಾನು ಕೊಡ್ಲಿಲ್ಲ. ಆದ್ರೆ ನೀವು ಹೇಳಿದ್ದು ತಪ್ಪಿಸ್ಲಿಲ್ಲ. ಗುಳಿಗೆಯನ್ನು ಬಿಡ್ಲೇ ಇಲ್ಲ. ದಿನಾ ಕಲ್ಲಿಗೆ ದೀಪ ಇಟ್ಟೆ, ಬೊಂಡ ಇಟ್ಟೆ."
ನಮಗೆ, ತುಳುವಿನಲ್ಲಿ, ಗುಳಿಗೆ ಅಂದರೆ ಗುಳಿಗ ದೈವ, ಮನೆ ಕಾಯುವ ಭೂತ. ಹಿತ್ತಲಿನಲ್ಲಿ ಅದರ ಕಲ್ಲು ಇದೆ, ಅದಕ್ಕೇ ದೀಪ, ಎಳನೀರು ಇಡುವುದು. ಮಾತ್ರೆಯನ್ನು ಮನೆಯಲ್ಲಿ ಯಾರೂ ಗುಳಿಗೆ ಅನ್ನುವುದಿಲ್ಲ. ಡಾಕ್ಟರು ಘಟ್ಟದ ಮೇಲಿನವರು, ಅವರ ಕಡೆ ಮಾತ್ರೆಗೇ ಗುಳಿಗೆ ಅನ್ನುವುದು, ದೈವದ ಹೆಸರು ಅವರಿಗೇನು ಗೊತ್ತು. ಅತ್ತೆಯ ಕೈಯಿಂದ ರಂಜುವಿನ ಬಟ್ಟೆಯ ಚೀಲ ಕಿತ್ತುಕೊಂಡೆ.

೬ ಜುಲೈ
ಮನೆಗೆ ಬಂದೆವು. ಪಂಡಿತರು ನೋಡಲು ಬಂದರು. ಅತ್ತೆಗೆ ಚೆನ್ನಾಗಿ ಬೈದರು. "ಇಂಗ್ಲಿಷ್ ಮದ್ದು ನಿಲ್ಲಿಸ್ಲಿಕ್ಕೆ ನಾನು ಯಾವಾಗ ಹೇಳಿದ್ದು?"
ರಂಜು ಮಾತಾಡಿದ್ದು ತುಪ್ಪದಿಂದಲಾ ಅಂತ ಕೇಳಿದೆ. ರಂಜುವಿನ ನಾಡಿ ಹಿಡಿದು ನೋಡಿದರು. "ಗೊತ್ತಿಲ್ಲಮ್ಮ. ಮಾತ್ರೆ ಇಲ್ಲದ್ದರಿಂದಲೂ ಇರಬಹುದು."
ಯಾಕಾದರೂ ಕೇಳಿದೆನೋ.

೧೩ ಜುಲೈ
ಡಾಕ್ಟರು ಮಾತ್ರೆಯ ಡೋಸ್ ಹೆಚ್ಚಿಸಿದ್ದಾರೆ. ರಂಜು ಗೋಡೆ ನೋಡುತ್ತಾನೆ. ಮಾತಿಲ್ಲ. ಆದರೆ ನನಗೆ ಕೇಳುತ್ತದೆ... ಸಿಟಿ ಬಸ್ಸಿನಲ್ಲಿ, ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದಾಗ. ಅಪ್ಪೆ. ಹಿಂದೆ ನೋಡಿದರೆ ಮಕ್ಕಳು ಬೋರ್ಡು ನೋಡಿ ಬರೆದುಕೊಳ್ಳುತ್ತಿರುತ್ತಾರೆ. ಯಾರೂ ಕರೆದಿರುವುದಿಲ್ಲ.

೧೪ ಜುಲೈ, ಬೆಳಿಗ್ಗೆ
ಬೆಳಗಿನ ಕ್ಲಾಸ್ ಬಿಟ್ಟುಕೊಟ್ಟೆ, ಈಗ ಮಾತ್ರೆ ನಾನೇ ಕೊಡುವುದು. ಚಮಚ ಹಿಡಿದು ನಿಂತೆ. ಅರ್ಧ ಕೊಟ್ಟರೆ? ಆವತ್ತಿನ ಹಾಗೆ ಅವನು ವಾಪಸ್ ಬರುತ್ತಾನೋ, ಫಿಟ್ಸ್ ಬರುತ್ತದೋ...
ಬಾಗಿಲಲ್ಲಿ ಅತ್ತೆ. ಅಳುತ್ತಿದ್ದರು. "ಪೂರ್ತಿ ಕೊಡು ಮಗಳೇ."
ಕೊಟ್ಟೆ. ಪೂರ್ತಿ. ಪಕ್ಕದಲ್ಲೇ ಕೂತಿದ್ದೇನೆ. ಕಣ್ಣು ಮುಚ್ಚುತ್ತಿದೆ. ತುಟಿ ಅಲ್ಲಾಡುತ್ತಿದೆ. ಆಕಳಿಕೆಯೋ, ಇಲ್ಲಾ ಅಪ್ಪೆ ಅನ್ನುತ್ತಿದ್ದಾನೋ —