ಭದ್ರಮ್ಮನವರು ಕೊಂಡ ಸಾರಿನ ಪುಡಿ

11-12-2003, ಗುರುವಾರ, ತುಮಕೂರು

ಭದ್ರಮ್ಮನವರ ಮಾತು ತಲೆಯಿಂದ ಹೋಗುತ್ತಿಲ್ಲ. ನಾಳೆ ಇಲ್ಲಿ ನಮ್ಮ ಸಾರಿನ ಪುಡಿ ಫ್ಯಾಕ್ಟರಿ ಶುರು. ದೀಪ ಹಚ್ಚಲು ಅವರನ್ನು ಕರೆಯೋಣವೆಂದು ಇವತ್ತು ಕುಣಿಗಲ್ಲಿಗೆ ಹೋಗಿದ್ದೆ. ಹತ್ತು ವರ್ಷದ ಹಿಂದೆ ಚೀಲ ಹೊತ್ತು ಮನೆಮನೆ ತಿರುಗುವಾಗ, ತಿಂಗಳು ತಪ್ಪದೆ ಕೊಂಡವರು ಅವರೊಬ್ಬರೇ. ಒಬ್ಬರಿಗಾದರೂ ನನ್ನ ಪುಡಿ ಹಿಡಿಸಿದೆ ಎಂದುಕೊಂಡೇ ನಾನು ಆ ಕೆಲಸ ಬಿಡಲಿಲ್ಲ.

"ರುಚಿ ಹೇಗಿತ್ತಮ್ಮ?" ಎಂದು ಕೇಳಿದೆ.

"ಯಾರಿಗ್ಗೊತ್ತು ಬುಡಪ್ಪ! ಮನೇಲಿ ಕುಟ್ಟಿದ್ ಪುಡಿ ಇರುವಾಗ ಪ್ಯಾಕೆಟ್ ಪುಡಿ ಯಾರಾಕ್ತಾರೆ? ನೀನು ಬಾಯೇ ಬುಡ್ದೆ ಬಾಗ್ಲಲ್ಲಿ ನಿಂತಿರ್ತಿದ್ದೆ. ನಿನ್ನ ಕಳ್ಸಕ್ಕೆ ಬೇರೆ ದಾರಿ ಇರ್ಲಿಲ್ಲ ಕಣೋ," ಎಂದು ನಕ್ಕರು.

ನಾನೂ ನಕ್ಕೆ. ಬರುವಾಗ ದಾರಿಯುದ್ದಕ್ಕೂ ನಾಚಿಕೆಯಾಯಿತು. ಆದರೂ ಅವರ ಮೇಲೆ ಕೋಪ ಬರಲಿಲ್ಲ. ನಾಳೆ ದೀಪ ಅವರೇ ಹಚ್ಚಲಿ. ಮೈಕು ಮಾತ್ರ ಅವರ ಕೈಗೆ ಕೊಡುವುದು ಬೇಡ.