ಚೌಕಿಗೆ ಕೀಲಿ ಬಿದ್ದ ಮೇಲೆ

ಹುಬ್ಬಳ್ಳಿ
ತಾ. ೧೪ ಡಿಸೆಂಬರ್ ೧೯೪೨, ಸೋಮವಾರ

ಗೆಳೆಯ ಕುಬೇರಪ್ಪನಿಗೆ ಕಮರುದ್ದೀನನ ಸಲಾಮು, ಶರಣು. ಎರಡನ್ನೂ ಬರೆದಿದ್ದೇನೆ, ನಿನಗೆ ಯಾವುದು ಬೇಕೋ ಅದನ್ನು ತೆಗೆದುಕೋ.

ದಸರೆಗೆ ನೀನು ಧಾರವಾಡದಿಂದ ಬನ್ನಿ ಇಟ್ಟು ಕಾಗದ ಕಳಿಸಿದ್ದೆ. ಅದಕ್ಕೆ ಉತ್ತರ ಇವತ್ತು ಬರೆಯುತ್ತಿದ್ದೇನೆ. ಬೈಯಬೇಡ. ಇಲ್ಲವೇ ಬೈದುಬಿಡು, ಬೈಗುಳವಾದರೂ ನಿನ್ನ ಕೈಯಿಂದ ಬರಲಿ. ತಡವಾಗಲು ಕೆಲಸವೇ ಕಾರಣ. ನಮ್ಮ ಹುಬ್ಬಳ್ಳಿಯಲ್ಲಿ ಈಗ ಮಿರ್ಚಿ ಭಜಿಗಿಂತ ಕೀಲಿ ಹೆಚ್ಚು ಮಾರುತ್ತದೆ. ಬಾಗಿಲಿಗೆ ಒಂದು ಕೀಲಿ ಹಾಕುತ್ತಿದ್ದವರು ಮೇಲೊಂದು ಕೆಳಗೊಂದು ಹಾಕಿಸುತ್ತಿದ್ದಾರೆ. ಯುದ್ಧದ ದೆಸೆಯಿಂದ ಹಿತ್ತಾಳೆ ಸಿಗುವುದಿಲ್ಲ. ಹಳೆಯ ತಂಬಿಗೆ ತಂದು, ಇದನ್ನು ಕರಗಿಸಿ ಕೀಲಿ ಮಾಡಿಕೊಡು ಎನ್ನುವವರೂ ಇದ್ದಾರೆ. "ಯಾಪಾರ ಆಗದಿದ್ರೂ ಅಳತೀರಿ, ಆದ್ರೂ ಅಳತೀರಿ. ನಿಮ್ಮ ಮಾರಿ ಹುಟ್ಟಿದ್ದ ಹಂಗೈತಿ" ಎಂದು ಗುಲ್ಜಾರಬಿ ನನ್ನನ್ನು ಹಂಗಿಸುತ್ತಾಳೆ. ಮದುವೆಯಾದಾಗಿನಿಂದ ಅವಳ ಬಾಯಿ ಹಾಗೇ ಇದೆ, ನಿನಗೆ ಗೊತ್ತು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಅದನ್ನು ಬರೆಯಲು ಕೈ ಏಳಲೊಲ್ಲದು. ನನಗೆ ಹೆದರಿಕೆಯಾಗಿದೆ, ಕುಬೇರಪ್ಪ. ಸುತ್ತಿಬಳಸಿ ಹೇಳುವುದೇಕೆ, ಮೊದಲೇ ಹೇಳಿಬಿಟ್ಟೆ.

ನಮ್ಮ ಓಣಿಯ ಬಾಯಿಗಿದ್ದ ಪೊಲೀಸ್ ಚೌಕಿ ಮುಚ್ಚಿತು. ಆಗಸ್ಟಿನಿಂದ ಚಳವಳಿಯವರು ಅಲ್ಲಲ್ಲಿ ತಂತಿ ಕತ್ತರಿಸಿ ಹಳಿ ಕಿತ್ತರಲ್ಲ, ಊರಿನ ಪೊಲೀಸರನ್ನೆಲ್ಲ ರೇಲ್ವೆ ಲೈನು ಕಾಯಲು ಎತ್ತಿಕೊಂಡು ಹೋದರು. ಹಳಿಯ ಮೇಲೆ ಮಾರು ದೂರಕ್ಕೊಬ್ಬ ಪೊಲೀಸ, ಊರೊಳಗೆ ಹುಡುಕಿದರೂ ಇಲ್ಲ. ಚೌಕಿಯ ದ್ಯಾಮಣ್ಣ ಹವಾಲ್ದಾರ ತನ್ನ ಹಾಸಿಗೆ ಸುತ್ತಿಕೊಂಡು ಹೊರಟವನು ನನ್ನ ಅಂಗಡಿಗೆ ಬಂದ.

"ಕಮರಣ್ಣ, ಚೌಕಿಗೊಂದು ಛಲೋ ಕೀಲಿ ಹಾಕು. ಒಳಗ ಏನೂ ಇಲ್ಲ ಖರೇ, ಆದ್ರ ಏನೂ ಇಲ್ಲಂತ ಮಂದಿಗೆ ಗೊತ್ತಾಗಬಾರದು" ಎಂದ.

ನಾನು ನಕ್ಕೆ. ಅವನೂ ನಕ್ಕ. ಅವನು ಹೋದ ವಾರದಲ್ಲೇ ಓಣಿಯಲ್ಲಿ ಒಂದು ಕಳವಾಯಿತು. ಆಮೇಲೆ ಒಂದರ ಹಿಂದೊಂದು. ಗಬ್ಬೂರ ದಾರಿಯಲ್ಲಿ ಹಾಡಹಗಲೇ ಹತ್ತಿ ಗಾಡಿಗಳನ್ನು ತಡೆದು ದೋಚಿದರಂತೆ. ಸೀಮೆಎಣ್ಣೆ ಇಲ್ಲದೆ ಬೀದಿಯ ಕಂದೀಲೂ ಹೊತ್ತುವುದಿಲ್ಲ. ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಕೊಂಡು ಕೂಡುತ್ತೇವೆ.

ನಿನ್ನ ಧಾರವಾಡದ ಮಾತೇ ಬೇರೆ. ಕಲೆಕ್ಟರ್ ಸಾಹೇಬರು ಅಲ್ಲಿ, ಕೋರ್ಟು ಕಚೇರಿ ಅಲ್ಲಿ. ಸಾಹೇಬರ ನಾಯಿ ತಿರುಗಾಡಲು ಹೊರಟರೂ ಹಿಂದೊಬ್ಬ ಪೊಲೀಸ ಹೋಗುತ್ತಾನೆ ಎನ್ನುತ್ತಾರೆ. ಊರು ನೋಡಿದರೆ ನಮ್ಮದು ಅದರ ಇಮ್ಮಡಿ ಇದೆ. ಗಿರಣಿ, ವರ್ಕಶಾಪು, ಹತ್ತಿ ಪೇಟೆ, ಪರ ಊರಿನ ಮಂದಿ, ಎಲ್ಲ ಇಲ್ಲಿ. ಹೀಗೇಕೆ ಎಂದು ಕೇಳಲು ನಮ್ಮ ವಾರ್ಡಿನ ಮೆಂಬರರ ಸಂಗಡ ನಾವು ನಾಲ್ಕಾರು ಮಂದಿ ದೀಪಾವಳಿ ಮುಗಿದ ಮೇಲೆ ಅರ್ಜಿ ಹಿಡಿದು ಪೊಲೀಸರ ದೊಡ್ಡ ಕಚೇರಿಗೆ ಹೋಗಿದ್ದೆವು. ಸಾಹೇಬರು ಸಿಗಲಿಲ್ಲ, ಕಾರಕೂನ ಸಿಕ್ಕ. ಯಾವ ಮುನಸಿಪಾಲಿಟಿಯಲ್ಲಿ ಎಷ್ಟು ಪೊಲೀಸರು, ಎಷ್ಟು ಕಳವು ಎಂದು ಓದಿ ಹೇಳಿದ. ಕಳವು ಧಾರವಾಡದಲ್ಲಿ ಹೆಚ್ಚು, ಗದಗಿನಲ್ಲಿ ಅದಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಕಡಿಮೆ ನಮ್ಮ ಹುಬ್ಬಳ್ಳಿಯಲ್ಲಂತೆ!

"ನಿಮ್ಮ ಮಂದಿ ಭಾಳ ಸಂಭಾವಿತರ್ರಿ. ಇದ್ದ ಪೊಲೀಸರೇ ಹೆಚ್ಚಾಗ್ಯಾರ, ಇನ್ನೊಂದಿಷ್ಟು ಮಂದೀನ ಲೈನಿಗೆ ಕಳಸೂ ಮಾತು ನಡದೈತಿ" ಎಂದ.

ನಾನು ಮೆಂಬರರ ಮುಖ ನೋಡಿದೆ. ಅವರು ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಏನು ಹೇಳಿಯಾರು? ಶ್ರಾವಣದಲ್ಲಿ ಅವರದೇ ಅಂಗಡಿಯ ತಿಜೋರಿ ಖಾಲಿಯಾಗಿತ್ತು, ಅವರು ಠಾಣೆಗೆ ಹೋಗಿರಲಿಲ್ಲ. ನಮ್ಮ ಪೇಟೆಯ ಗುಣವೇ ಅದು. ತಿಜೋರಿ ಬರಿದಾಯಿತೆಂದು ಗೊತ್ತಾದರೆ ನಾಳೆ ನಮ್ಮ ಹುಂಡಿ ಚೀಟಿ ನಂಬಿ ಹಣ ಯಾರು ಕೊಡುತ್ತಾರೆ ಎಂದು ಸಾಹುಕಾರರು ಸುಮ್ಮನಿರುತ್ತಾರೆ. ಪೊಲೀಸರು ಹೊಸ್ತಿಲು ದಾಟಿದ ಮನೆಯಿಂದ ಹೆಣ್ಣು ಯಾರು ತರುತ್ತಾರೆ ಎಂದು ಉಳಿದವರು ಸುಮ್ಮನಿರುತ್ತಾರೆ. ತಪ್ಪು ತಿಳಿಯಬೇಡ, ನೀನೂ ಅದನ್ನೇ ಮಾಡಿದೆ. ಬೇಸಿಗೆಯಲ್ಲಿ ನಿನ್ನ ಮನೆಗೆ ಕನ್ನ ಬಿದ್ದಾಗ, ಹೆಂಗಸರಿಗೆ ಹವಾ ಬದಲಾಗಬೇಕು ಎಂದು ಮಂದಿಗೆ ಹೇಳಿ ಸಂಸಾರವನ್ನು ಧಾರವಾಡಕ್ಕೆ ಸಾಗಿಸಿದೆ. ಹೀಗೆ ನಾವೆಲ್ಲ ಮರ್ಯಾದೆ ಉಳಿಸಿಕೊಂಡೆವು, ಅದರ ಫಲವಾಗಿ ಚೌಕಿ ಹೋಯಿತು.

ಇದಿಷ್ಟೇ ಆಗಿದ್ದರೆ ಊರಿಗೆ ಬಂದದ್ದು ಓಣಿಗೂ ಬಂತು ಎಂದುಕೊಳ್ಳುತ್ತಿದ್ದೆ. ಆದರೆ ಈ ಕಳ್ಳರು ಕೀಲಿ ಮುರಿಯುವುದಿಲ್ಲ, ಕುಬೇರಪ್ಪ. ತೆರೆದು, ಒಳಗಿನದನ್ನು ಒಯ್ದು, ಮತ್ತೆ ಹಾಕಿ ಹೋಗುತ್ತಾರೆ. ನಮ್ಮ ಓಣಿಯ ಸಂಗವ್ವನ ಮನೆಯವರು ಮದುವೆಗೆಂದು ಮುಗದಕ್ಕೆ ಹೋಗಿದ್ದರು. ಬಂದು ನೋಡಿದರೆ ಬಾಗಿಲಿಗೆ ಕೀಲಿ ಇದ್ದಹಾಗೇ ಇದೆ, ಒಳಗೆ ತಾಮ್ರದ ಹಂಡೆಯಿಂದ ಹಿಡಿದು ಮಗಳ ಸೀರೆಗಳವರೆಗೆ ಒಂದೂ ಇಲ್ಲ. ನನ್ನನ್ನು ಕರೆಸಿದರು. ಸಂಗವ್ವ ಅಳುತ್ತಿರಲಿಲ್ಲ. ನಾನು ಮಾಡಿಕೊಟ್ಟ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

"ನೋಡೋ ಕಮರು, ಒಂದು ಗೀರು ಸುದ್ದಾ ಬಿದ್ದಿಲ್ಲ" ಎಂದಳು.

ಕೂಡಿದ ಮಂದಿ ಕೀಲಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ನಮ್ಮ ಓಣಿಯ ಪದ್ಧತಿಯನ್ನು ಧಾರವಾಡದಲ್ಲಿ ಹೇಳಿದರೆ ನಕ್ಕಾರು. ಅಪ್ಪನ ಕಾಲದಿಂದ ಬಂದದ್ದು. ಕೀಲಿಗೆ ಎರಡು ಕೀಲಿಕೈ ಮಾಡಿದರೆ ಒಂದು ಮನೆಯ ಹಿರಿಯರ ಹತ್ತಿರ, ಇನ್ನೊಂದು ನಮ್ಮ ಹತ್ತಿರ. ಎರಡೂ ಮನೆಯಲ್ಲೇ ಇದ್ದರೆ ಅಣ್ಣನ ಮೇಲೆ ತಮ್ಮನಿಗೆ ಸಂಶಯ, ಸೊಸೆಯ ಮೇಲೆ ಅತ್ತೆಗೆ ಸಂಶಯ. ಕಮ್ಮಾರ ಸಾಬನ ಮನೆಯಲ್ಲಿದ್ದರೆ ಯಾರಿಗೂ ಸಂಶಯವಿಲ್ಲ! ನಿಮ್ಮಜ್ಜ ಹೇಳುತ್ತಿದ್ದ ಮಾತು ಇದು. ಓಣಿಯ ಅರ್ಧ ಮನೆಗಳ ಕೀಲಿಕೈ ನಮ್ಮ ಒಳಕೋಣೆಯ ಗೋಡೆಯಲ್ಲಿ ತೂಗುತ್ತಿದ್ದವು. ಚೌಕಿ ಇರುವವರೆಗೆ ಅದರ ಬಗ್ಗೆ ನಾನು ಯೋಚಿಸಿದ್ದೇ ಇಲ್ಲ.

ಈಗ ಅವು ಹಾವಿನಂತೆ ಕಾಣತೊಡಗಿದವು. "ಕಳ್ಳರಿಗೆ ಇದು ತಿಳದ್ರ ಮೊದಲ ನಮ್ಮ ಕುತಿಗಿಗೇ ಕೈ ಹಾಕ್ತಾರ್ರಿ. ಅವರವರದ್ದು ಅವರವರಿಗೆ ಕೊಟ್ಟು ಬರ್ರಿ" ಎಂದು ಗುಲ್ಜಾರಬಿ ಹಟ ಹಿಡಿದಳು. ಅವಳ ಹೆದರಿಕೆಗೇ ಹೊರಟೆ ಎಂದು ಸದ್ಯಕ್ಕೆ ತಿಳಿದುಕೋ. ಶನಿವಾರ ಬೆಳಿಗ್ಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಮನೆಮನೆಗೆ ನಡೆದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಎಂಥ ಹುಚ್ಚ ನೋಡು ನಾನು.

ಎದುರುಮನೆಯ ಮುರಿಗೆವ್ವ ಕೀಲಿಕೈಯನ್ನು ಸೆರಗಿನಲ್ಲಿ ಇಸಿದುಕೊಂಡು, "ಯಾಕೋ ತಮ್ಮಾ, ನಿಮ್ಮಪ್ಪ ಸಾಯೂತನಕ ಇಟಗೊಂಡಿದ್ದ. ನಿನಗೀಗ ಏನಾತು?" ಎಂದಳು. ಕೇಳಿದ ದನಿಯಲ್ಲಿ ಮಮತೆಯೇ ಇತ್ತು. ಮುಂದಿನ ಮನೆಯವರು ಏನೂ ಕೇಳದೆ ತೆಗೆದುಕೊಂಡರು. ಅದರ ಮುಂದಿನವರು ಬಾಗಿಲು ಅರ್ಧ ತೆರೆದು, ಕೈ ಮಾತ್ರ ಚಾಚಿದರು. ಕೊನೆಗೆ ಕಾಳಿನ ಅಂಗಡಿಯ ಬಾಬುಸಾಬ. ನಮ್ಮವನೇ, ಮಸೀದಿಯಲ್ಲಿ ನನ್ನ ಪಕ್ಕದಲ್ಲಿ ನಿಲ್ಲುವವನು. ಕೀಲಿಕೈ ತಿರುಗಿಸಿ ತಿರುಗಿಸಿ ನೋಡಿದ.

"ಕೀಲಿಕೈ ಕೊಟ್ಟಿ, ಛಲೋ ಆತು. ಅಚ್ಚು ಎಲ್ಲಿಟ್ಟಿ?" ಎಂದ.

ನಾನು ನಕ್ಕೆ, ಚೇಷ್ಟೆ ಮಾಡುತ್ತಿದ್ದಾನೆಂದು. ಅವನು ನಗಲಿಲ್ಲ.

ಅಂಗಡಿಗೆ ಯಾರೋ ಬಂದರು. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಬುಧವಾರ, ಮಧ್ಯಾಹ್ನ

ಸೋಮವಾರ ಅಲ್ಲಿಗೇ ನಿಲ್ಲಿಸಿದ ಕಾಗದ ಇದು.

ಅಂದು ಬಂದವರು ಗಿರಾಕಿಗಳಲ್ಲ. ಪೊಲೀಸರಿಲ್ಲವೆಂದು ಓಣಿಯವರು ತಾವೇ ಒಂದು ಗಸ್ತಿನ ತಂಡ ಕಟ್ಟಿದ್ದಾರೆ, ಬಡಿಗೆ ಹಿಡಿದು ಪಾಳಿಯ ಮೇಲೆ ತಿರುಗುತ್ತಾರೆ. ಅದಕ್ಕೆ ನಾನೂ ವರ್ಗಣಿಯ ಹಣ ಕೊಟ್ಟಿದ್ದೇನೆ. ಅವರೇ ಬಂದರು. ಮುಂದೆ ಗರಡಿಯ ಹುಡುಗರು, ಹಿಂದೆ ಬಾಬುಸಾಬ, ಸಂಗವ್ವನ ಗಂಡ. ಅರ, ಚಿಮಟಿಗೆ, ಅಚ್ಚಿನ ಮಣ್ಣು ಎಲ್ಲವನ್ನೂ ಬೀದಿಗೆ ಸುರಿದು ಹುಡುಕಿದರು. ಕೀಲಿ ಮಾಡುವವನ ಅಂಗಡಿಯಲ್ಲಿ ಕೀಲಿಕೈಯ ಅಚ್ಚು ಸಿಗದೆ ಇನ್ನೇನು ಸಿಗುತ್ತದೆ? ಸಿಕ್ಕ ಒಂದೊಂದನ್ನೂ ಮೇಲೆತ್ತಿ ಮಂದಿಗೆ ತೋರಿಸಿದರು. ನಾನು ಇದು ಯಾವುದರದು, ಅದು ಯಾವುದರದು ಎಂದು ಹೇಳುತ್ತ ಹೋದೆ. ಹೇಳಿದಷ್ಟೂ ಮಂದಿಯ ಮುಖ ಬಿಗಿಯುತ್ತ ಹೋಯಿತು.

ಗುಲ್ಜಾರಬಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಇಪ್ಪತ್ತು ವರ್ಷದಲ್ಲಿ ಅವಳು ಅಂಗಡಿಯ ಮುಂದೆ ಬಂದು ನಿಂತದ್ದಿಲ್ಲ. "ಇಷ್ಟು ವರ್ಷ ನಿಮ್ಮ ಮನಿ ಕೀಲಿಕೈ ನಮ್ಮ ಗ್ವಾಡಿ ಮ್ಯಾಲಿದ್ವು, ನಮ್ಮ ಕೈಯಿಂದ ಒಂದ್ ಚಮಚೆ ಹೋಗಿತ್ತೇನ್ರಿ? ಹೇಳ್ರಿ, ಹೋಗಿತ್ತೇನು?" ಎಂದು ಕೂಗಿದಳು. ಕೊನೆಗೆ ಸಂಗವ್ವನ ಗಂಡನೇ ಮುಂದೆ ಬಂದ. ಅವನು ಒಳ್ಳೆಯವನು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಕಮರುದ್ದೀನ, ನೀ ಕದ್ದಿ ಅನ್ನಾಕತ್ತಿಲ್ಲ ನಾವು. ನಿನ್ನಿಂದ ಯಾರೋ ಕೀಲಿಕೈ ಮಾಡಿಸಿಕೊಂಡಾರ. ಶುಕ್ರವಾರ ನಿಮ್ಮ ನಮಾಜ ಮುಗಿಯೂತನಕ ವ್ಯಾಳ್ಯಾ ಕೊಡತೇವಿ. ಅವನ ಹೆಸರ ಹೇಳು. ಇಲ್ಲಾಂದ್ರ ಓಣಿ ಬಿಡು. ಹುಡುಗರು ನನ್ನ ಮಾತು ಕೇಳೂದಿಲ್ಲ ಮುಂದ" ಎಂದ.

ಇಲ್ಲದ ಹೆಸರನ್ನು ಎಲ್ಲಿಂದ ತರಲಿ? ಯಾವನೋ ಬಡವನ ಹೆಸರು ಹೇಳಿ ಪಾರಾಗಬಹುದು. ಒಂದು ಗಳಿಗೆ ಹಾಗೂ ಅನ್ನಿಸಿತು, ನಿನ್ನ ಮುಂದೆ ಮುಚ್ಚಿಡುವುದೇನು. ಆಮೇಲೆ ಅವನ ಮನೆಯ ಮುಂದೆಯೂ ಇದೇ ಬಡಿಗೆಗಳು ನಿಲ್ಲುತ್ತವೆ ಎಂದು ನೆನೆದು ಬಾಯಿ ಕಟ್ಟಿತು.

ನಿನ್ನೆ ಠಾಣೆಗೆ ಹೋದೆ. ಜನ್ಮದಲ್ಲಿ ಮೊದಲ ಸಲ. ದೊಡ್ಡ ಪಡಸಾಲೆ, ಒಬ್ಬನೇ ಪೊಲೀಸ. ಅಷ್ಟೂ ಕೇಳಿದ. ಮರುಕ ಅವನ ಮುಖದಲ್ಲಿ ಕಂಡಿತು. "ನಿಮ್ಮ ಮಾತು ಖರೇ ಇರಬೇಕ್ರಿ. ಆದ್ರ ಇರಾಂವ ನಾ ಒಬ್ಬ. ನಿಮ್ಮ ಓಣಿಗೆ ಬಂದ್ರ ಠಾಣೇನ ಯಾರು ಕಾಯಬೇಕು?" ಎಂದ. ಫೌಜದಾರರು ಯಾವಾಗ ಬರುತ್ತಾರೆಂದು ಕೇಳಿದೆ. ಲೈನಿನ ಮೇಲಿದ್ದಾರೆ, ಯಾರಿಗೆ ಗೊತ್ತು ಎಂದ.

ಮಕ್ಕಳು ಸಿತಾರಾ, ಶಮೀಮರನ್ನು ಹೊರಗೆ ಬಿಟ್ಟಿಲ್ಲ. ಹಿತ್ತಲ ಬಾವಿಗೆ ಹೋಗುವಾಗಲೂ ಗುಲ್ಜಾರಬಿ ಬಾಗಿಲಲ್ಲಿ ನಿಲ್ಲುತ್ತಾಳೆ. ಬೀದಿಯಲ್ಲಿ ಬಡಿಗೆ ಊರಿದ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತೇವೆ. ಓಣಿ ಬಿಟ್ಟು ಹೋಗೋಣವೆಂದರೆ, ಹೋದ ದಿನವೇ ನಾನು ಕಳ್ಳನಾದೆ. ಇದ್ದರೆ ಏನಾಗುತ್ತದೋ ಅಲ್ಲಾಹನಿಗೇ ಗೊತ್ತು. ಈ ಊರಲ್ಲಿ ಹುಟ್ಟಿದವನು ನಾನು. ಈ ಊರಿಗೆ ಹೆದರುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ.

ನಿನ್ನ ಹೆಂಡತಿ, ನನ್ನ ತಂಗಿಯಂಥ ಶರಣವ್ವನಿಗೆ ನಮ್ಮಿಬ್ಬರ ನೆನಪು ತಿಳಿಸು. ಅವಳ ಮಂಡಿನೋವು ಕಡಿಮೆಯಾಗಲಿ. ಮಕ್ಕಳು ಓದಿ ದೊಡ್ಡವರಾಗಲಿ, ನಿನ್ನ ಕೈ ಹಿಡಿದ ವ್ಯಾಪಾರ ಹಾಗೇ ಬೆಳೆಯಲಿ. ನಿನ್ನ ದೇವರೂ ನನ್ನ ದೇವರೂ ನಿನ್ನ ಮನೆಯನ್ನು ತಣ್ಣಗಿಡಲಿ.

ನಿನ್ನ
ಕಮರುದ್ದೀನ

ತಾ. ಕ.: ಬರೆಯಬಾರದೆಂದಿದ್ದೆ. ಗುಲ್ಜಾರಬಿ, ಇದನ್ನು ಬರೆಯದಿದ್ದರೆ ಕಾಗದವನ್ನೇ ಹಾಕಬೇಡಿ ಎನ್ನುತ್ತಿದ್ದಾಳೆ. ನಾನು ಕೀಲಿಕೈಗಳನ್ನು ಹಿಂದಿರುಗಿಸಲು ಹೊರಟದ್ದು ಅವಳ ಹೆದರಿಕೆಗಲ್ಲ. ಅದಕ್ಕೂ ಎರಡು ದಿನ ಮೊದಲು, ಗುರುವಾರ, ನಿನ್ನ ಗುಮಾಸ್ತ ಶಾಂತಯ್ಯ ಬಂದಿದ್ದ. ಅಂಗಡಿಯ ಮುಂದೆ ಹತ್ತು ಮಂದಿ ಇದ್ದಾಗ, "ಧಣ್ಯಾರು ತಮ್ಮ ಮನಿ ಕೀಲಿಕೈ ತಗೊಂಡು ಬಾ ಅಂದಾರ್ರಿ" ಎಂದು ದೊಡ್ಡ ದನಿಯಲ್ಲಿ ಕೇಳಿದ. ಕೊಟ್ಟೆ. ಸಂಜೆಗೆ ನಿನ್ನ ಬಾಗಿಲಿಗೆ ಬೇರೆ ಅಂಗಡಿಯ ಕೀಲಿ ಬಿದ್ದಿತ್ತು. ಕುಬೇರಪ್ಪ ಸಾಹುಕಾರನೇ ಹೀಗೆ ಮಾಡಿದ ಮೇಲೆ ಓಣಿಗೆ ಇನ್ನೇನು ಬೇಕು? ನೀನೇ ಹೇಳಿ ಕಳಿಸಿದ್ದೆಯೋ, ಇಲ್ಲ ಶಾಂತಯ್ಯ ತಾನೇ ಜಾಣತನ ಮಾಡಿದನೋ, ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಶುಕ್ರವಾರ ಬೆಳಗಿನ ಗಾಡಿಗೆ ಬಂದುಬಿಡು. ಯಾರಿಗೂ ಏನೂ ಹೇಳುವುದು ಬೇಡ, ನನ್ನ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಕಾಣುವಂತೆ ಕೂಡು. ನಮಾಜು ಮುಗಿಯುವವರೆಗೆ ಕೂತರೆ ಸಾಕು. ಚಹಾ ಮುರಿಗೆವ್ವನ ಮನೆಯಿಂದ ತರಿಸುತ್ತೇನೆ.