ಒಂದೇ ಗುಂಡಿನ ರೈಫಲ್

ಓಬಳೇಶ,

ಇವತ್ತು ಠಾಣೆಯಲ್ಲಿ ಸಹಿ ಹಾಕಿಸಿಕೊಂಡು ನನ್ನ ರೈಫಲ್ ವಾಪಸ್ ಕೊಟ್ಟರು. ಸಾಯುವ ಮುಂಚೆ ಆಸ್ಪತ್ರೆಯಲ್ಲಿ ನೀನು ಬರೆಸಿದ ಹೇಳಿಕೆಯೇ ಸಾಕಾಯಿತಂತೆ: "ಬಂದೂಕು ಒರೆಸ್ತಾ ಇದ್ದೆ, ಹಾರಿಬಿಡ್ತು, ನಂದೇ ತಪ್ಪು."

ರೈಫಲ್ ಈಗಲೂ ಕೂಸಿನಷ್ಟು ಹಗುರ. ಸಲಕ್ಕೆ ಒಂದೇ ತೋಟಾ, ಅದೂ ಕಿರುಬೆರಳಿಗಿಂತ ಸಣ್ಣದು. ಅದರ ಮೇಲೆ ನನಗಿಂತ ನಿನಗೇ ಮೋಹ ಜಾಸ್ತಿ. "ಒಂದೇ ಗುಂಡು ಇದ್ರೆ ಮನುಷ್ಯ ಎರಡು ಸಲ ನೋಡ್ತಾನೆ ಕಣಲೇ" ಅನ್ನುತ್ತಿದ್ದೆ. ಆ ಬೆಳಗಿನ ಮಂಜಿನಲ್ಲಿ, ಶೇಂಗಾ ಹೊಲದೊಳಗೆ, ಕರಿ ಕಂಬಳಿ ಮುಸುಕು ಹಾಕಿಕೊಂಡು ಬಗ್ಗಿದ್ದವನು ನೀನು. ಹಂದಿ ಅಂದುಕೊಂಡ ನಾನು ಒಂದೇ ಸಲ ನೋಡಿದೆ.

ಊರ ಮುಂದೆ ನಿಮ್ಮವ್ವ ಓಬಕ್ಕ ಕುರಿ ಹೊಡೆದುಕೊಂಡು ಎದುರಿಗೇ ಬಂದಳು. ಹೆಗಲ ಮೇಲಿದ್ದದ್ದನ್ನು ಎಲ್ಲಿ ಮುಚ್ಚಿಡಲಿ?

"ಬಂತೇನಪ್ಪ ಬಂದೂಕು? ಒಳ್ಳೇದಾತು. ಹಂದಿ ಕಾಟ ಜಾಸ್ತಿ ಆಗೈತೆ. ಅವನಂತೂ ಇಲ್ಲ, ನಮ್ಮ ಹೊಲಾನೂ ನೀನೇ ನೋಡ್ಕಳಪ್ಪ."

"ಆಗ್ಲವ್ವ" ಅಂದೆ.

ಅವಳು ಹೊದ್ದಿದ್ದು ನಿನ್ನ ಕಂಬಳಿ. ಗುಂಡಿನ ತೂತು ಕಾಣದಂತೆ ಕರಿ ಉಣ್ಣೆಯಲ್ಲೇ ಹೊಲಿದುಕೊಂಡಿದ್ದಾಳೆ.